ಅಜ್ಜಿ ಕೈಮ್ಯಾಲಿನ ಹಚ್ಚಿ, ನನ್ನ ತಲಿಮ್ಯಾಲಿನ ಚುಕ್ಕಿ

ಹೋದ ವಾರ ರಾತ್ರಿ ಹತ್ತೂವರಿ ಸುಮಾರಿಗೆ ನಮ್ಮ ಅಕ್ಕನ ಮಗ ಫೋನ್ ಹಚ್ಚಿದ. ಹೊಸಪೇಟ್ಯಾಗ ಕೆಲಸಕ್ಕ ಅದಾನ, 28 ವಯಸ್ಸು, ಮನ್ಯಾಗ ಕನ್ಯಾ ನೋಡಾಕತ್ತಾರ. ಆ ಹೊತ್ತಿನ್ಯಾಗ ಫೋನ್ ಮಾಡೋ ಹುಡುಗ ಅಲ್ಲ, ಏನಾತೋ ಏನೋ ಅಂತ ಗಾಬರಿಲೆ ಎತ್ತಿದೆ. ಊಟ ಆತೇನು, ನಿಮ್ಮ ಕಡೆ ಮಳಿ ಆತೇನು ಅಂತ ಅದೂ ಇದೂ ಕೇಳಿ, ಸ್ವಲ್ಪ ಹೊತ್ತು ಸುಮ್ನಿದ್ದು, ಆಮ್ಯಾಲೆ ದನಿ ಇಳಿಸಿ ಕೇಳಿದ: "ಮಾಮಾ, ನೀ ತಲಿಗೆ ಮಾಡಿಸ್ಕೊಂಡಿಯಲ್ಲ, ಅದ್ರಿಂದ ನಿಂಗ ಕೂದ್ಲು ಬಂದಂಗ ಆತೇನು?"

ಒಂದು ತಾಸು ಮಾತಾಡಿದ್ವಿ. ಫೋನ್ ಇಟ್ಟ ಮ್ಯಾಲೆ ನಂಗ ನಿದ್ದಿ ಹತ್ತಲಿಲ್ಲ, ಹೇಳಬೇಕಾದದ್ದು ಅರ್ಧ ಉಳೀತು ಅನಿಸ್ತು. ಅದಕ್ಕ ಇಲ್ಲಿ ಬರಿಯಾಕತ್ತೀನಿ, ಅವಂಗೂ ಆತು, ಅವನಂಗ ಯಾರಿಗೆ ಕೇಳಬೇಕು ಅಂತ ತಿಳೀದ ರಾತ್ರಿ ಮೊಬೈಲ್ ತಿಕ್ಕೋರಿಗೂ ಆತು.

ಕೂದ್ಲು ಬರಂಗಿಲ್ಲ. ಮೊದಲು ಇದನ್ನ ಹೇಳಿಬಿಡ್ತೀನಿ. ಒಂದ ಒಂದು ಕೂದ್ಲೂ ಬರಂಗಿಲ್ಲ, ಉದುರೋದೂ ನಿಂದ್ರಂಗಿಲ್ಲ. ಸ್ಕಾಲ್ಪ್ ಮೈಕ್ರೋಪಿಗ್ಮೆಂಟೇಶನ್, ಎಸ್‌ಎಂಪಿ ಅಂತಾರ, ಹೆಸರು ಹೊಸದು ಖರೆ, ಆದ್ರ ಕೆಲಸ ನಮ್ಮ ಹಳ್ಳ್ಯಾಗ ಎಲ್ಲಾರಿಗೂ ಗೊತ್ತಿರೋದ: ಹಚ್ಚಿ. ಝೀರೋ ಮಷಿನ್ ಹೊಡಿಸಿದ ಮರುದಿನ ಬುರುಡಿಮ್ಯಾಲೆ ಕೂದಲಿನ ಬುಡ ಕರ್ರಗ ಚುಕ್ಕಿ ಚುಕ್ಕಿ ಕಾಣತಾವಲ್ಲ, ಅಂಥಾ ಚುಕ್ಕಿಗೋಳನ್ನ ಕೂದ್ಲಿಲ್ಲದ ಜಾಗದಾಗ ಸೂಜಿಲೆ ಇಡ್ತಾರ, ಒಂದೊಂದ, ಸಾವಿರಗಟ್ಲೆ. ದೂರದಿಂದ ನೋಡಿದ್ರ ತಲಿ ತುಂಬ ಕೂದ್ಲಿದ್ದು ಬೋಳಿಸ್ಕೊಂಡಾನ ಅನಸ್ತೈತಿ. ಅಷ್ಟ ಅದ್ರ ಕೆಲಸ. ಅದಕ್ಕಿಂತ ಹೆಚ್ಚಿಂದು ಯಾರರೆ ಹೇಳಿದ್ರ ಅಲ್ಲಿಂದ ಎದ್ದು ಬರ್ರಿ.

ಹಚ್ಚಿ ಅಂದ ಕೂಡ್ಲೆ ನಂಗ ನಮ್ಮ ಅಜ್ಜಿ ಕೈ ನೆನಪಾಗತೈತಿ. ಯಲಬುರ್ಗಾ ತಾಲೂಕಿನ ಹಳ್ಳಿ ಆಕಿದು. ಎಡಗೈ ಒಳಮೈಯಾಗ ಒಂದು ತುಳಸಿಕಟ್ಟಿ, ಅದ್ರ ಕೆಳಗ ಇರುವಿ ಸಾಲಿನಂಗ ಚುಕ್ಕಿ, ಗದ್ದದಮ್ಯಾಲೆ ಮೂರು ಚುಕ್ಕಿ. ಮದುವಿಗಿಂತ ಮೊದಲು ಕೊರವರ ಹೆಣ್ಮಗಳೊಬ್ಬಾಕಿ ಊರಿಗೆ ಬಂದಾಗ ಹೊಯ್ಸಿಕೊಂಡಿದ್ದಂತ. ಮೂರ್ನಾಕು ಸೂಜಿ ದಾರದಾಗ ಸೇರಿಸಿ ಕಟ್ಟಿ, ದೀಪದ ಕಾಡಿಗಿಯನ್ನ ಯಾವ್ದೋ ಸೊಪ್ಪಿನ ರಸದಾಗ ಕಲಸಿ, ನೋವು ತಿಳೀಬಾರದು ಅಂತ ಹಾಡು ಹೇಳಿಕೋತ ಚುಚ್ಚಿದ್ಲಂತ, ಆಮ್ಯಾಲೆ ಅರಿಷಿಣ ಹಚ್ಚಿ ಕಳಿಸಿದ್ಲಂತ. ನಾ ಸಣ್ಣಾವಿದ್ದಾಗ ಆಕಿ ತೊಡಿಮ್ಯಾಲೆ ಮಕ್ಕೊಂಡು ಆ ತುಳಸಿಕಟ್ಟಿ ಗೆರಿಮ್ಯಾಲೆ ಬೆರಳು ಆಡಿಸ್ತಿದ್ದೆ. ನಾ ನೋಡೋ ಹೊತ್ತಿಗೆ ಅದು ಹಸರಾಗಿತ್ತು, ಗೆರಿ ದಪ್ಪ ಆಗಿದ್ವು, ಇರುವಿ ಸಾಲಿನ ಚುಕ್ಕಿ ಒಂದಕ್ಕೊಂದು ಕೂಡಿ ಸಣ್ಣ ಪಟ್ಟಿ ಆಗಿಬಿಟ್ಟಿತ್ತು. "ಹೊಯ್ಸಿಕೊಂಡಾಗ ಕರ್ರಗ ಇತ್ತಪಾ, ಮೈ ಕುಡದು ಹಸರಾತು" ಅಂತಿದ್ಲು.

ಮೈ ಕುಡದು ಅನ್ನೋ ಆಕಿ ಮಾತು ಎಷ್ಟು ಖರೆ ಅಂತ ನಂಗ ಮೂವತ್ತು ವರ್ಷದ ಮ್ಯಾಲೆ ತಿಳೀತು. ನಮ್ಮ ಚರ್ಮದ ಮ್ಯಾಲಿನ ಪದರ ತಿಂಗಳು ತಿಂಗಳಿಗೆ ಉದುರಿ ಹೊಸದಾಗತೈತಿ, ಅಲ್ಲಿ ಬಣ್ಣ ಇಟ್ರ ಅದ್ರ ಕೂಡ ಹೋಗಿಬಿಡತೈತಿ. ಅದ್ರ ಕೆಳಗಿನ ಪದರಕ್ಕ ಹೋದ್ರ ಮಾತ್ರ ನಿಲ್ಲತೈತಿ, ಯಾಕಂದ್ರ ಅಲ್ಲಿ ಹೊರಗಿಂದು ಏನರೆ ಬಂದ್ರ ನುಂಗೋ ಜೀವಕೋಶ ಅದಾವ, ಅವು ಬಣ್ಣದ ಕಣ ನುಂಗಿ ಅಲ್ಲೇ ಹಿಡಕೊಂಡು ಕುಂದರತಾವ. ಸ್ವಲ್ಪ ಸ್ವಲ್ಪ ಬಣ್ಣ ಒಯ್ದು ಕರಗಿಸ್ತಾವ, ಅದಕ್ಕ ವರ್ಷ ಕಳದಂಗ ಮಾಸೋದು. ಇನ್ನ ಹಸರು ಯಾಕಂದ್ರ, ಕರಿಬಣ್ಣ ಚರ್ಮದ ಆಳದಾಗ ಇದ್ರ ಮ್ಯಾಲಿಂದ ನೋಡೋರಿಗೆ ನೀಲಿ ಹಸರು ಕಾಣತೈತಿ, ಆಕಾಶ ನೀಲಿ ಕಾಣೋದಕ್ಕ ಇರೋವಂಥ ಬೆಳಕಿನ ಕಾರಣನ ಇದಕ್ಕೂ. ಅಜ್ಜಿ ಕೈಮ್ಯಾಲೆ ಹಸರಾದ್ರ ಚಂದ. ತಲಿಮ್ಯಾಲೆ ಹಸರಾದ್ರ? ಅದಕ್ಕ ಎಸ್‌ಎಂಪಿ ಮಾಡೋರು ಮೈಮ್ಯಾಲಿನ ಟ್ಯಾಟೂದಷ್ಟು ಆಳಕ್ಕ ಹೋಗಬಾರದು, ಒಂದು ಮಿಲಿಮೀಟರ್‌ನೊಳಗ ನಿಂದ್ರಬೇಕು, ಬಣ್ಣಾನೂ ತೆಳು ಮಾಡಿ ಇಡಬೇಕು. ಸೂಜಿ ಅದಕ್ಕಿಂತ ಕೂದಲೆಳಿಯಷ್ಟು ಹೆಚ್ಚು ಆಳಕ್ಕ ಇಳದ್ರೂ ಚುಕ್ಕಿ ಒಳಗ ಹಬ್ಬಿ ಕಲಿ ಆಗತೈತಿ. ಈ ಕೆಲಸದಾಗಿನ ಎಲ್ಲಾ ಒಳ್ಳೇದು ಕೆಟ್ಟದ್ದು ಆ ಕೈ ಹದದಾಗ ಐತಿ.

ನನ್ನ ಕಥಿ ಉದ್ದ ಹೇಳಂಗಿಲ್ಲ. ಗಂಜ್‌ನಾಗ ಗೊಬ್ಬರದ ಅಂಗಡ್ಯಾಗ ಲೆಕ್ಕ ಬರಿಯೋ ಕೆಲಸ ನಂದು. 24ಕ್ಕ ಉದುರಾಕ ಶುರು ಆದದ್ದು 33ಕ್ಕ ಕಿವಿಮ್ಯಾಲೊಂದು ಪಟ್ಟಿ, ಹಿಂದೊಂದು ಪಟ್ಟಿ ಅಷ್ಟ ಉಳೀತು. ಎಲ್ಲಾರೂ ಒಂದೊಂದು ಕಾರಣ ಹೇಳಿದ್ರು, ಬೋರಿನ ಸವಳ ನೀರು ಅಂದ್ರು, ಫ್ಯಾಕ್ಟ್ರಿ ಕರಿ ಧೂಳು ಅಂದ್ರು, ಹೆಲ್ಮೆಟ್ ಅಂದ್ರು, ರಾತ್ರಿ ಮೊಬೈಲ್ ಅಂದ್ರು. ಸವಳ ನೀರಿಗೆ ಕೂದ್ಲು ಒರಟಾಗತಾವ ಖರೆ, ಆದ್ರ ಮುಂದಿಂದು, ನೆತ್ತಿಮ್ಯಾಲಿಂದು ಉದುರಿ ಹಿಂದಿಂದು ಉಳಿಯೋ ಈ ನಮೂನಿ ಗಂಡಸರ ಬೋಳು ನೀರಿಂದ ಬರೋದಲ್ಲ. ಮೈಯಾಗಿನ ಡಿಎಚ್‌ಟಿ ಅನ್ನೋ ಹಾರ್ಮೋನಿಗೆ ಆ ಜಾಗದ ಕೂದಲಿನ ಬೇರು ಸೋತು ಸಣ್ಣ ಆಗ್ತಾ ಹೋಗತಾವ, ಹಂಗ ಸೋಲೋ ಗುಣ ಹುಟ್ಟಿನಿಂದ ಬಂದಿರತೈತಿ, ತಾಯಿ ಕಡೆಯಿಂದಷ್ಟ ಅಲ್ಲ, ಎರಡೂ ಕಡೆಯಿಂದ. ನಾ ಇದನ್ನ ತಿಳಕೊಳ್ಳೋದ್ರಾಗ ಎಂಟು ವರ್ಷ ಎಣ್ಣಿ, ಉಳ್ಳಾಗಡ್ಡಿ ರಸ, ಆಮ್ಯಾಲೆ ಒಂದು ಹೇರ್ ಕ್ಲಿನಿಕ್‌ನ ಎಂಟು ಇಂಜೆಕ್ಷನ್ ಪ್ಯಾಕೇಜು ಅಂತ ರೊಕ್ಕ ಸುರದೆ. ಆ ಕ್ಲಿನಿಕ್‌ನಾಗ ನನ್ನ ತಲಿ ನೋಡಿದ ಕೂಡ್ಲೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಆ ಸಿಟ್ಟು ಇನ್ನೂ ಐತಿ ನಂಗ, ಯಾಕಂದ್ರ ರೊಕ್ಕಕ್ಕಿಂತ ಆ ಎಂಟು ತಿಂಗಳು ದಿನಾ ಕನ್ನಡಿ ಮುಂದ ನಿಂತು ಹೊಸ ಕೂದ್ಲು ಹುಡುಕಿದ್ದು ಭಾಳ ಕಷ್ಟ ಇತ್ತು.

ನಿಜ ಹೇಳಿದವ್ರು ಹುಬ್ಬಳ್ಳ್ಯಾಗ ಒಬ್ರು ಚರ್ಮದ ಡಾಕ್ಟ್ರು. ಗೋಡಿಮ್ಯಾಲಿನ ಒಂದು ಚಿತ್ರಪಟ ತೋರಿಸಿದ್ರು, ಹ್ಯಾಮಿಲ್ಟನ್ ಅನ್ನೋರು 1951ರಾಗ ಮಾಡಿ 1975ರಾಗ ನಾರ್‌ವುಡ್ ಅನ್ನೋರು ತಿದ್ದಿದ್ದು ಅದು, ಒಂದರಿಂದ ಏಳರ ತನಕ ಬೋಳಿನ ಹಂತ. "ನೀವು ಆರನೇದರಾಗ ಅದೀರಿ" ಅಂದ್ರು. ತಲಿಗೆ ಹಚ್ಚೋ ಮಿನೋಕ್ಸಿಡಿಲ್ ಮೊದ್ಲು ಬಿಪಿ ಗುಳಿಗಿ ಆಗಿತ್ತು, ನುಂಗಿದವ್ರಿಗೆ ಮೈಮ್ಯಾಲೆ ಕೂದ್ಲು ಬಂದದ್ದು ನೋಡಿ ತಲಿಗೆ ತಂದ್ರು, ಅದಾಗ್ಲಿ ಫಿನಾಸ್ಟರೈಡ್ ಗುಳಿಗಿ ಆಗ್ಲಿ ಇದ್ದದ್ದು ಉಳಿಸ್ಕೊಳ್ಳಾಕ ಚೊಲೊ, ಬಿಟ್ರ ಮತ್ತ ಉದುರತಾವ, ಬೇರ ಸತ್ತ ಜಾಗದಾಗ ಅವು ಏನೂ ಮಾಡಂಗಿಲ್ಲ ಅಂತ ಬಿಡಿಸಿ ಹೇಳಿದ್ರು. ಟ್ರಾನ್ಸ್‌ಪ್ಲಾಂಟ್ ಬಗ್ಗೆ ಕೇಳಿದೆ. ಹಿಂದಿನ ಕೂದ್ಲು ಕಿತ್ತು ಮುಂದ ನೆಟ್ರ ಅದು ತನ್ನ ಹಿಂದಿನ ಗುಣ ಬಿಡಂಗಿಲ್ಲ, ಅಲ್ಲೇ ಬದುಕತೈತಿ, ಇದು 1959ರಾಗ ಓರೆಂಟ್ರೈಶ್ ಅನ್ನೋ ಡಾಕ್ಟ್ರು ಬರದು ತೋರಿಸಿದ್ದು, ಆದ್ರ ನೆಡಾಕ ಸಸಿ ಬೇಕಲ್ಲ, ನಿಮ್ಮ ಹಿಂದಿನ ಮಡಿಯಾಗ ಅಷ್ಟು ಸಸಿ ಇಲ್ಲ ಅಂದ್ರು. ಭತ್ತದ ನಾಡಿನಾಗ ಹುಟ್ಟಿದಾವ ನಾನು, ಮಡಿ ಸಸಿ ಮಾತು ತಟ್ಟನ ತಿಳೀತು.

ಇಲ್ಲೊಂದು ಮಾತು. ಎಲ್ಲಾ ಉದುರೋದೂ ಒಂದ ನಮೂನಿ ಅಲ್ಲ. ಡೆಂಗಿ, ಟೈಫಾಯ್ಡ್ ಆಗಿ ಎರಡು ಮೂರು ತಿಂಗಳಿಗೆ ಕೈತುಂಬ ಕೂದ್ಲು ಬರತಾವ, ಬಾಣಂತನದ ಮ್ಯಾಲೂ ಹಂಗ, ಅವು ಆರೇಳು ತಿಂಗಳಿನ್ಯಾಗ ತಾವ ತಿರುಗಿ ಬರತಾವ. ರೂಪಾಯಿ ಬಿಲ್ಲಿಯಷ್ಟು ದುಂಡಗ ಒಂದ ಕಡೆ ಉದುರೋದು ಬ್ಯಾರೆ ಜಡ್ಡು, ಮೈಯಾಗಿನ ರಕ್ಷಣಾ ಶಕ್ತಿನ ಕೂದಲಿನ ಬೇರಿಗೆ ತಿರುಗಿ ಬೀಳೋದು, ಅದಕ್ಕ ಔಷಧ ಐತಿ. ಹಿಂಗಿದ್ದಾಗ ಹೋಗಿ ಹಚ್ಚಿ ಹೊಯ್ಸಿಕೊಂಡು ಕುಂದರಬ್ಯಾಡ್ರಿ. ಮೊದಲು ಚರ್ಮದ ಡಾಕ್ಟ್ರು, ಆಮ್ಯಾಲೆ ಉಳಿದದ್ದು.

ಮಾಡೋರನ್ನ ಹುಡುಕಾಕ ನಂಗ ಒಂದು ವರ್ಷ ಹಿಡೀತು. ಅದ್ರಾಗ ಒಬ್ರ ತಲಿ ನೋಡಿದೆ, ಎಲ್ಲೋ ಕಡಿಮಿ ರೇಟಿಗೆ ಮಾಡಿಸ್ಕೊಂಡಿದ್ರು, ಎರಡ ವರ್ಷಕ್ಕ ಚುಕ್ಕಿ ಹಬ್ಬಿ ಹಣಿಮ್ಯಾಲೆ ನೀಲಿ ಟೊಪ್ಪಿಗಿ ಇಟ್ಟಂಗ ಆಗಿತ್ತು, ಲೇಸರ್‌ಲೆ ತಗಸಾಕ ತಿರುಗಾಡ್ತಿದ್ರು. ಅವರ ಮುಖ ನೋಡಿ ನಾನು ಒಂದು ಕಟ್ಟುನಿಟ್ಟು ಮಾಡ್ಕೊಂಡೆ: ಮಾಡಿದ ಹೊತ್ತಿಗೆ ತಗದ ಫೋಟೊ ನೋಡೋದಲ್ಲ, ಮಾಡಿ ಎರಡು ವರ್ಷ ಆದ ತಲಿ ನೋಡಬೇಕು, ಅದೂ ಬಿಸಲಾಗ. ಮಾಡಿದ ದಿನ ಎಲ್ಲಾರ ತಲಿನೂ ಕರ್ರಗ ಚಂದ ಕಾಣತೈತಿ. ಬೆಂಗಳೂರಾಗ ಈ ಕೆಲಸ ಮಾಡೋ ಮೇಡಂ ಒಬ್ರು ನಾಕು ಜನ ಹಳೇ ಗಿರಾಕಿಗಳ ಜೋಡಿ ಮಾತಾಡಾಕ ಕೊಟ್ರು, ಸೂಜಿ ಹೊಸ ಪಾಕೀಟು ನನ್ನ ಕಣ್ಣ ಮುಂದ ಒಡದ್ರು, ಕಿವಿ ಹಿಂದ ಸ್ವಲ್ಪ ಬಣ್ಣ ಇಟ್ಟು ಅಲರ್ಜಿ ಆಗತೈತೇನು ಅಂತ ನೋಡಿದ್ರು. ಗಾಯ ಆದ್ರ ಉಬ್ಬಿ ಗಂಟಾಗೋ ಮೈ ಐತೇನು, ಸಕ್ಕರಿ ಐತೇನು, ರಕ್ತ ತೆಳು ಮಾಡೋ ಗುಳಿಗಿ ತಗೋತೀರೇನು ಅಂತ ಕೇಳಿದ್ರು. ಇವನ್ನೆಲ್ಲ ಕೇಳದವ್ರ ಕೈಯಾಗ ತಲಿ ಕೊಡಬ್ಯಾಡ್ರಿ. ಸೂಜಿ ಸ್ವಚ್ಛ ಇರಲಿಲ್ಲಂದ್ರ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ತನಕ ಬರಬಹುದು.

ಡಿಸೆಂಬರ್ ಆಖರಿಗೆ ಕೊಪ್ಪಳದಾಗ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋದೆ. ಬೇಸಗ್ಯಾಗ ನಮ್ಮ ಕಡೆ 40 ಡಿಗ್ರಿ ದಾಟತೈತಿ, ಬೆವರಿನ್ಯಾಗ ಇದು ನಡಿಯೋದಲ್ಲ ಅಂತ ಚಳಿಗಾಲ ಹಿಡದೆ.

ಮೊದಲು ಗೆರಿ ಬರದ್ರು. ಹುಬ್ಬಿನ ಮ್ಯಾಲಿಂದ ಬೆರಳಿಟ್ಟು ಅಳದು, ಬಿಳಿ ಪೆನ್ಸಿಲ್‌ಲೆ ಹಣಿ ಅಂಚು ಗುರುತು ಮಾಡಿದ್ರು. ನಂಗ ಅದು ಮ್ಯಾಲಾತು ಅನಿಸ್ತು, ಒಂದು ಬೆರಳು ಕೆಳಗ ತರ್ರಿ ಅಂದೆ, ಕಾಲೇಜಿಗೆ ಹೋಗೋವಾಗಿನ ಫೋಟೊ ಮನಸಿನ್ಯಾಗ ಇತ್ತು. ಆ ಮೇಡಂ ಪೆನ್ಸಿಲ್ ಕೆಳಗಿಟ್ಟು, "ಸರ್, ಈಗ ನಿಮ್ಗೆ ಮೂವತ್ನಾಲ್ಕು. ಐವತ್ತೈದಕ್ಕೂ ಇದೇ ಲೈನು ನಿಮ್ಮ ಹಣೆ ಮೇಲಿರುತ್ತೆ, ಅವತ್ತಿನ ಮುಖಕ್ಕೂ ಒಪ್ಪಬೇಕಲ್ವಾ" ಅಂದ್ರು. ಅವರು ತರಲಿಲ್ಲ, ನಾನೂ ಮತ್ತ ಕೇಳಲಿಲ್ಲ. ಇವತ್ತು ಆ ಮಾತಿಗೆ ಕೈ ಮುಗೀತೀನಿ. ನೆಟ್ಟಗ ಸ್ಕೇಲ್ ಹಿಡದು ಎಳದಂಗ ಇರೋ ಹಣಿ ಗೆರಿ ಯಾರಿಗೂ ಹುಟ್ಟಿನಿಂದ ಇರಂಗಿಲ್ಲ, ಅಂಚಿನ್ಯಾಗ ಚುಕ್ಕಿ ಅಲ್ಲೊಂದು ಇಲ್ಲೊಂದು ಬಿಟ್ಟು ಬಿಟ್ಟು ಬರಬೇಕು, ಕಪಾಳದ ಕಡೆ ಸ್ವಲ್ಪ ಹಿಂದ ಸರೀಬೇಕು.

ಮರಗಟ್ಟಿಸೋ ಕ್ರೀಮ್ ಹಚ್ಚಿ ಅರ್ಧ ತಾಸು ಬಿಟ್ರು. ಆಮ್ಯಾಲೆ ಆ ಮಷಿನ್ ಸದ್ದು, ಗುಂಗಾಡ ಕಿವಿ ಹತ್ರ ಬಂದಂಗ. ನೆತ್ತಿಮ್ಯಾಲೆ ನೋವು ಅಂಥಾದ್ದೇನಿಲ್ಲ, ಕಪಾಳದ ಹತ್ರ ಬಂದಾಗ ಕಣ್ಣಾಗ ನೀರು ಬಂತು. ಕನ್ನಡಕದ ಮ್ಯಾಲೊಂದು ಭೂತಗನ್ನಡಿ ಹಾಕ್ಕೊಂಡು, ಎಡಗೈ ಎರಡು ಬೆರಳಿಂದ ಚರ್ಮ ಜಗ್ಗಿ ಹಿಡದು, ಒಂದು ಚುಕ್ಕಿ ಇಲ್ಲಿ, ಮುಂದಿಂದು ಸ್ವಲ್ಪ ಓರಿಗೆ, ಮುಂದಿಂದು ಮತ್ತೆಲ್ಲೋ. ಯಾಕ ಹಿಂಗ ಚೆದುರಿ ಇಡ್ತೀರಿ ಅಂದೆ. ಸಾಲಾಗಿ ಬಂದ್ರೆ ಮೋಸ ಗೊತ್ತಾಗುತ್ತೆ ಅಂದ್ರು. ಅರ್ಥ ಆತು, ಕೂರಿಗಿ ಸಾಲು ಕಂಡ ಕೂಡ್ಲೆ ಯಾರೋ ಬಿತ್ಯಾರ ಅಂತ ತಿಳೀತೈತಿ, ಅಂಗಳದಾಗ ಚೆಲ್ಲಿದ ಸಜ್ಜಿ ಕಾಳಿಗೆ ಸಾಲಿರಂಗಿಲ್ಲ. ನಾಕು ತಾಸು ಕುಂತೆ. ಆ ಹೊತ್ತು ಪೂರ್ತಿ ನಂಗ ಆ ಕೊರವರ ಹೆಣ್ಮಗಳ ಕೈಯ ನೆನಪಾಗ್ತಿತ್ತು, ನಾ ಆಕಿನ್ನ ನೋಡೇ ಇಲ್ಲ, ಆದ್ರೂ.

ಮೊದಲ ದಿನ ಕನ್ನಡಿ ನೋಡಿ ಅಂಜಬ್ಯಾಡ್ರಿ. ಚರ್ಮ ಕೆಂಪಾಗಿರತೈತಿ, ಚುಕ್ಕಿ ಬೇಕಾದದ್ದಕ್ಕಿಂತ ಕರ್ರಗ ಇರತಾವ. ಎರಡು ಮೂರು ದಿನಕ್ಕ ಕೆಂಪು ಇಳೀತೈತಿ, ಸಣ್ಣ ಸಣ್ಣ ಹಕ್ಕಳಿ ಕಟ್ಟಿ ವಾರದಾಗ ಉದುರತಾವ, ಅವನ್ನ ಕೆರೀಬಾರದು, ಕೆರದ್ರ ಬಣ್ಣಾನೂ ಅದ್ರ ಜೋಡಿ ಬರತೈತಿ. ಆಮ್ಯಾಲೆ ನೋಡಿದ್ರ ಎಷ್ಟೋ ಮಾಸಿಬಿಟ್ಟಿರತೈತಿ, ಅಯ್ಯೋ ಹೋತಲ್ಲ ಅನಸ್ತೈತಿ. ಅದು ಹಂಗ. ಅದಕ್ಕ ಎರಡು ಮೂರು ಸಿಟ್ಟಿಂಗ್, ನಡುವ ಒಂದೆರಡು ವಾರ ಬಿಟ್ಟು, ಪ್ರತಿ ಸಲ ಸ್ವಲ್ಪ ಸ್ವಲ್ಪ ಗಟ್ಟಿ ಮಾಡೋದು. ಒಂದ ದಿನದಾಗ ಮುಗಿಸಿಕೊಡ್ತೀವಿ ಅಂದ್ರ ನಂಬಬ್ಯಾಡ್ರಿ.

ಐದು ದಿನ ತಲಿಗೆ ನೀರು ಹಾಕಂಗಿಲ್ಲ, ಬೆವರಂಗಿಲ್ಲ, ತಿಂಗಳೊಪ್ಪತ್ತು ಬಿಸಲು, ಈಜು ಇಲ್ಲ. ನಾ ಊರಿಗೆ ಬರೋ ಹೊತ್ತಿಗೆ ಸಂಕ್ರಮಣ ಬಂತು, ಹಿಂದಿಂದ ಗವಿಸಿದ್ಧೇಶ್ವರ ಅಜ್ಜನ ಜಾತ್ರಿ. ನಮ್ಮವ್ವ ಮಠಕ್ಕ ಕೊಡಾಕಂತ ರೊಟ್ಟಿ ಬಡಿಯಾಕ ಕುಂತಿದ್ಲು. ವರ್ಷಾ ನಾನ ಒಲಿ ಮುಂದ ಕುಂತು ರೊಟ್ಟಿ ತಿರುವಿ ಹಾಕೋದು, ಆ ವರ್ಷ ಒಲಿ ಝಳಕ್ಕ ಹೋಗಂಗಿಲ್ಲ ಅಂತ ಬಾಗಿಲ ಹತ್ರ ಫ್ಯಾನ್ ಕೆಳಗ ಕುಂತೆ. ಆಕಿ ಸಜ್ಜಿ ರೊಟ್ಟಿಗೆ ಕರಿ ಎಳ್ಳು ಹಚ್ಚಾಕತ್ತಿದ್ಲು. ನಡುವ ಎದ್ದು ಬಂದು, ಕೈ ಒರಸ್ಕೊಂಡು, ನನ್ನ ಗದ್ದ ಹಿಡದು ತಲಿ ಬಗ್ಗಿಸಿ ಬೆಳಕಿಗೆ ತಿರುವಿ ನೋಡಿದ್ಲು. "ಎಳ್ಳು ಹಚ್ಚಿದಂಗ ಐತೆಲ್ಲೋ ತಮ್ಮಾ" ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಜ್ಜಿ ಇದ್ದಿದ್ರ ಎಷ್ಟು ಕೊಟ್ಟಿ ಅಂತ ಕೇಳ್ತಿದ್ಲು" ಅಂತ ನಕ್ಕು ಹೋಗಿ ಮತ್ತ ರೊಟ್ಟಿ ಬಡಿಯಾಕ ಕುಂತ್ಲು. ಬೈತಾಳ ಅಂತ ಮೂರು ದಿನ ಟೊಪ್ಪಿಗಿ ತಗದಿರಲಿಲ್ಲ ನಾನು. ಆ ವರ್ಷ ತೇರು ಎಳಿಯೋದು ಮನ್ಯಾಗ ಕುಂತು ಮೊಬೈಲ್‌ನಾಗ ನೋಡಿದೆ, ಅದೊಂದು ಮಾತ್ರ ಈಗ್ಲೂ ಮನಸಿಗೆ ಕೊರಗು.

ಎಷ್ಟು ಕೊಟ್ಟಿ ಅಂದ್ರ, ಮೂರು ಸಿಟ್ಟಿಂಗ್‌ಗೆ 48 ಸಾವಿರ, ರೈಲು ಲಾಡ್ಜ್ ಬ್ಯಾರೆ. ಎಷ್ಟು ಜಾಗ ತುಂಬಬೇಕು ಅನ್ನೋದ್ರ ಮ್ಯಾಲೆ ರೇಟು. ಮೂರರಿಂದ ಆರು ವರ್ಷದೊಳಗ ಮಾಸಿದ್ದನ್ನ ಮತ್ತ ತಿದ್ದಿಸಬೇಕು, ನಮ್ಮಂಥ ಬಿಸಲು ನಾಡಿನಾಗ, ಎಣ್ಣಿ ಮೈಯವ್ರಿಗೆ ಸ್ವಲ್ಪ ಬೇಗ. ನಂದು ಈಗ ಮೂರು ವರ್ಷ ಆತು, ಹಣಿ ಅಂಚು ಸ್ವಲ್ಪ ತಿಳಿ ಆಗೈತಿ.

ಈಗ ಅಳಿಯಾಗ ಫೋನ್‌ನಾಗ ಸರಿಯಾಗಿ ಹೇಳದ ಮಾತು. ಇದು ಒಂದ ಸಲ ಮಾಡಿಸಿ ಮರ್ತು ಬಿಡೋದಲ್ಲ. ಎರಡು ದಿನಕ್ಕೊಮ್ಮೆ ನಾನು ಉಳಿದ ಕೂದ್ಲು ಮಷಿನ್ ಹಾಕಿ ಸಣ್ಣ ಮಾಡಬೇಕು, ಯಾಕಂದ್ರ ಕಿವಿಮ್ಯಾಲಿಂದು ಬೆಳೀತಾವ, ಚುಕ್ಕಿ ಬೆಳಿಯಂಗಿಲ್ಲ, ನಾಕು ದಿನ ಬಿಟ್ರ ಎಲ್ಲಿ ತನಕ ಕೂದ್ಲು, ಎಲ್ಲಿಂದ ಬಣ್ಣ ಅಂತ ಗೆರಿ ಬಿದ್ದು ಕಾಣತೈತಿ. ಮಧ್ಯಾಹ್ನ ಬೋಳು ತಲಿ ಹೊಳಿಯೋದು ಚುಕ್ಕಿ ಇಟ್ರೂ ಹೊಳೀತೈತಿ, ಹೊಳಪಿಲ್ಲದ ಸನ್‌ಸ್ಕ್ರೀನ್ ಹಚ್ಚಬೇಕು, ಅದು ಬಣ್ಣಾನೂ ಕಾಪಾಡತೈತಿ. ಮುಂದ ಪಕ್ಕದ ಕೂದ್ಲು ಬೆಳ್ಳಗಾದಾಗ ಚುಕ್ಕಿ ಕರ್ರಗ ಉಳೀತಾವ, ಅದಕ್ಕ ಮೊದ್ಲಿಂದ ಅಷ್ಟು ಗಾಢ ಬಣ್ಣ ಬ್ಯಾಡ. ಕೂದ್ಲು ಇನ್ನೂ ಅರ್ಧ ಇದ್ದು, ಅವನ್ನ ಬೆಳಸ್ಕೊಂಡು ನಡುವ ದಟ್ಟ ಕಾಣಲಿ ಅಂತ ಚುಕ್ಕಿ ಇಡಿಸೋರು ಅದಾರ, ಹೆಣ್ಮಕ್ಳು ಬೈತಲಿ ಅಗಲ ಆದಾಗ ಇಡಿಸೋದೂ ಹಂಗ, ಅದೂ ಆಗತೈತಿ, ಆದ್ರ 28ರ ಹುಡುಗಗ ಉದುರೋದು ಇನ್ನೂ ನಡದೈತಿ, ಕೂದ್ಲು ಹಿಂದ ಸರೀತಾವ, ಚುಕ್ಕಿ ನಿಂತಲ್ಲೇ ನಿಂತಿರತಾವ.

ಇನ್ನೆರಡು ಸಣ್ಣ ಸಂಗತಿ, ನಂಗ ಯಾರೂ ಹೇಳಿರಲಿಲ್ಲ. ಯಾವಾಗರೆ ಎಂಆರ್‌ಐ ಮಾಡಿಸೋ ಹೊತ್ತು ಬಂದ್ರ ತಲಿಮ್ಯಾಲೆ ಹಚ್ಚಿ ಐತಿ ಅಂತ ಹೇಳಬೇಕು, ಕೆಲವು ಬಣ್ಣ ಅಪರೂಪಕ್ಕ ಉರಿ ಹತ್ತತಾವ. ಇನ್ನೊಂದು, ಹಚ್ಚಿ ಹೊಯ್ಸಿಕೊಂಡ ಮ್ಯಾಲೆ ಒಂದು ವರ್ಷ ರಕ್ತ ಕೊಡಂಗಿಲ್ಲ. ನಾನು ವರ್ಷಕ್ಕ ಎರಡು ಸಲ ಕೊಡೋನು, ಕ್ಯಾಂಪಿಗೆ ಹೋಗಿ ಅರ್ಜಿ ತುಂಬೋವಾಗ ಟ್ಯಾಟೂ ಅನ್ನೋ ಪ್ರಶ್ನಿ ಬಂತು. ಒಂದು ಗಳಿಗಿ ಪೆನ್ ನಿಂತ್ತು. ಹೌದು ಅಂತ ಬರದು ವಾಪಸ್ ಬಂದೆ.

ಅಳಿಯನ ಕಡೀ ಪ್ರಶ್ನಿನೂ ಅದ ಇತ್ತು. "ಮಾಮಾ, ಹುಡುಗಿ ಮನಿಯವ್ರಿಗೆ ಹೇಳಬೇಕೇನು? ಗೊತ್ತಾಗಂಗಿಲ್ಲ ಅಂತಾರಲ್ಲ." ಹೇಳಬೇಕಪಾ ಅಂದೆ. ಯಾರಿಗೂ ಗೊತ್ತಾಗಬಾರದು ಅಂತ ಮಾಡಿಸ್ಕೊಂಡ್ರ ಆಮ್ಯಾಲೆ ದಿನಾ ಅದನ್ನ ಕಾಯಬೇಕಾಗತೈತಿ, ನಾ ಹತ್ತು ವರ್ಷ ಟೊಪ್ಪಿಗಿ ಕಾದೀನಿ, ಮದುವಿ ಮನ್ಯಾಗ ಫೋಟೊ ತಗಿಯೋರು ಬಂದ್ರ ಎದ್ದು ಹೋಗೀನಿ, ಅದು ಎಂಥಾ ಕಾವಲು ಅಂತ ನಂಗೊತ್ತು. ನಮ್ಮ ಅಜ್ಜಿ ತನ್ನ ಹಚ್ಚಿ ಯಾರಿಗೂ ಮುಚ್ಚಿಡ್ತಿರಲಿಲ್ಲ. ಅವ ಏನೂ ಅನ್ನಲಿಲ್ಲ, ಹೂಂ ಅಂದ.

ರೊಕ್ಕ ಕಟ್ಟೋಕಿಂತ ಮೊದಲು ಎರಡು ತಿಂಗಳು ಝೀರೋ ಹೊಡಿಸ್ಕೊಂಡು ತಿರುಗಾಡು, ಮಾಡಿಸಿದ ಮ್ಯಾಲೂ ಜನ್ಮಪೂರ್ತಿ ಅದ ತಲಿನ ನಿಂದು, ಅದು ನಿಂಗ ಸೇರ್ತೈತೇನು ನೋಡು ಅಂದಿದ್ದೆ. ಈ ಐತವಾರ ಮುಂಜಾನೆ ಬಸ್ಸಿಗೆ ಬಂದ. ಊಟ ಮಾಡಿ ಇಬ್ರೂ ಅಂಗಳಕ್ಕ ಬಂದ್ವಿ, ಹನ್ನೆರಡರ ಬಿಸಲು. ನಾ ಕಟ್ಟಿಮ್ಯಾಲೆ ಕುಂತು ತಲಿ ಬಗ್ಗಿಸಿದೆ, ಹತ್ರ ಬಂದು ನೋಡು ಅಂದೆ. ಗೇಣು ದೂರದಿಂದ ನೋಡಿದ, ಬೆರಳು ಆಡಿಸಿದ. "ಹತ್ರದಿಂದ ಗೊತ್ತಾಗತೈತಿ ಮಾಮಾ" ಅಂದ. ಗೊತ್ತಾಗತೈತಿ ಅಂದೆ. ಹತ್ತು ಹೆಜ್ಜಿ ಹಿಂದ ಸರದು ತುಳಸಿಕಟ್ಟಿ ಹತ್ರ ನಿಂತು ಮತ್ತ ನೋಡಿದ, ಆಮ್ಯಾಲೆ ಹೊಳ್ಳಿ ಬಂದು ನನ್ನ ಪಕ್ಕದಾಗ ಕುಂತ.

ಸಂಜಿಗೆ ಕಟಿಂಗ್ ಶಾಪಿಗೆ ಇಬ್ರೂ ಹೋದ್ವಿ. ಬಿಳಿ ಬಟ್ಟಿ ಹೊದಿಸಿ ಮಷಿನ್ ಹಚ್ಚಿದ್ರು. ಮುಂದಿಂದು ಸಣ್ಣಗ, ಹಿಂದಿಂದು ಗೊಂಚಲು ಗೊಂಚಲು ಬಿದ್ವು. ಅವ ಕನ್ನಡ್ಯಾಗ ತನ್ನ ನೋಡಾಕತ್ತಿದ್ದಿಲ್ಲ, ನನ್ನ ನೋಡಾಕತ್ತಿದ್ದ. ಮುಗಿದ ಮ್ಯಾಲೆ ಎದ್ದು ಎರಡೂ ಕೈಲೆ ತಲಿ ಸವರಿಕೊಂಡು, "ತಂಪಾತು ನೋಡು ಮಾಮಾ" ಅಂದ. ಹೊರಗ ಬಂದು ಬಸ್‌ಸ್ಟ್ಯಾಂಡಿನ ತನಕ ಟೊಪ್ಪಿಗಿ ಬ್ಯಾಗಿನ್ಯಾಗ ಇತ್ತು.